ಪದಕದ ಮೇಲೆ ಸುಲ್ತಾನರ ಮಾತು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಉರುಳಿತು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಹುತಾತ್ಮರಾದರು. ಆ ವಿಜಯದ ನೆನಪಿಗೆ ಈಸ್ಟ್ ಇಂಡಿಯಾ ಕಂಪೆನಿಯು ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಒಂದು ಪದಕವನ್ನು ಮಾಡಿಸಿತು. ಹಳೆಯ ಸೈನಿಕ ಪದಕಗಳ ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ.

ಅಚ್ಚು ಒಂದೇ, ಲೋಹ ಮಾತ್ರ ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ. ಅತ್ಯುನ್ನತ ಅಧಿಕಾರಿಗಳಿಗೆ ಚಿನ್ನ. ಅವರ ಕೆಳಗಿನವರಿಗೆ ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು. ಸಾಮಾನ್ಯ ಸೈನಿಕರಿಗೆ ಮತ್ತು ದೇಶೀ ಸಿಪಾಯಿಗಳಿಗೆ ತವರ. ಪಡೆದವರ ಹೆಸರನ್ನು ಟಂಕಸಾಲೆ ಕೊರೆಯಲಿಲ್ಲ. ತೂಗುಹಾಕಲು ಕೊಂಡಿಯನ್ನೂ ಇಡಲಿಲ್ಲ. ಹೀಗಾಗಿ ತವರದ ಪದಕವೊಂದರಲ್ಲಿ ತೂತೋ ಬಳೆಯೋ ಕಂಡರೆ, ಯಾರೋ ಅದನ್ನು ಧರಿಸಲು ಬಯಸಿದ್ದರೆಂದು ಊಹಿಸಬಹುದು.

ಲೋಹಕ್ಕಿಂತ ಮುಖ್ಯವಾದುದು ಅದರ ಮೇಲಿನ ಚಿತ್ರ ಮತ್ತು ಬರಹ. ಒಂದು ಬದಿಯಲ್ಲಿ ಬ್ರಿಟನ್ನಿನ ಸಿಂಹವು ಹುಲಿಯನ್ನು ನೆಲಕ್ಕೆ ಒತ್ತಿ ಹಿಡಿದಿದೆ. ಹುಲಿ ಸುಲ್ತಾನರ ಲಾಂಛನ. ಮೇಲಿನ ಬಾವುಟದಲ್ಲಿ ಅರಬಿ ಬರಹವಿದೆ: 'ಅಸದುಲ್ಲಾಹಿಲ್ ಗಾಲಿಬ್', ಅಂದರೆ ದೇವನ ವಿಜಯಿ ಸಿಂಹ. ಇದು ಹಝ್ರತ್ ಅಲಿಯವರ ಬಿರುದು. ಟಿಪ್ಪು ಇದೇ ಮಾತನ್ನು ಹುಲಿಯ ಮುಖದ ಆಕಾರದಲ್ಲಿ ಬರೆಯಿಸಿ ತಮ್ಮ ಆಯುಧಗಳ ಮೇಲೆ ಕೆತ್ತಿಸಿದ್ದರು. ಈಗ ಆ ಸಿಂಹ ಕಂಪೆನಿಯದಾಯಿತು! ಇನ್ನೊಂದು ಬದಿಯ ಪಾರ್ಸಿ ಬರಹವು ಕೋಟೆಯನ್ನು ದೇವರ ಕೊಡುಗೆ ಎನ್ನುತ್ತದೆ. ತಮ್ಮ ಸರಕಾರವನ್ನು 'ಖುದಾದಾದ್', ಅಂದರೆ ದೇವದತ್ತ, ಎಂದು ಕರೆದುಕೊಂಡಿದ್ದವರು ಟಿಪ್ಪು. ಖಜಾನೆಯ ಜೊತೆ ಮಾತೂ ಲೂಟಿಯಾಯಿತು.

ಈ ಪದಕ ಪಡೆದವರೆಲ್ಲ ಪರದೇಶಿಗಳಲ್ಲ ಎಂಬುದನ್ನು ಮರೆಯಬಾರದು. ಕಂಪೆನಿಯ ಪಡೆಯಲ್ಲಿ ಹಿಂದೂ ಸಿಪಾಯಿಗಳಿದ್ದರು, ಮುಸ್ಲಿಮ್ ಸಿಪಾಯಿಗಳೂ ಇದ್ದರು. ಹೈದರಾಬಾದಿನ ನಿಝಾಮರ ಸೈನ್ಯವೂ ಅದರ ಜೊತೆಗಿತ್ತು. ಅಂದಿನ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಚಿತ್ರಿಸುವವರಿಗೆ ಈ ತವರದ ತುಂಡೇ ಉತ್ತರ.

ಅದೇ ಗೆಲುವಿನ ಹೆಸರು ಸೇನೆಯ ರೇಷ್ಮೆ ಧ್ವಜಗಳಲ್ಲಿ ಕಸೂತಿಯಾಗಿಯೂ ಉಳಿಯಿತು. ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟಿಗೆ 'ಸೆರಿಂಗಪಟಮ್' ಒಂದು ಯುದ್ಧಗೌರವ. ಸ್ವತಂತ್ರ ಭಾರತದ ಸೇನೆ ಮಾತ್ರ, ಭಾರತೀಯರನ್ನು ಅಧೀನಗೊಳಿಸಿದ ಯುದ್ಧಗಳ ಗೌರವಗಳಿಗೆ ತನ್ನ ಧ್ವಜಗಳಲ್ಲಿ ಜಾಗ ಕೊಡದಿರಲು ನಿರ್ಧರಿಸಿತು.

ಧ್ವಜದ ದಾರವನ್ನು ಬಿಚ್ಚಬಹುದು, ಲೋಹದ ಅಚ್ಚನ್ನು ಬಿಚ್ಚಲಾಗದು. ಬಿಚ್ಚಬೇಕಾಗಿಯೂ ಇಲ್ಲ. ಪದಕವನ್ನು ಗಾಜಿನ ಪೆಟ್ಟಿಗೆಯಲ್ಲಿಡುವವರು ಗೆದ್ದವರ ಹೆಸರಿನೊಡನೆ ಆ ಅರಬಿ ಮಾತು ಮೊದಲು ಯಾರದಾಗಿತ್ತೆಂಬುದನ್ನೂ ಬರೆದಿಡಲಿ. ಸಂಗ್ರಹವು ಇತಿಹಾಸವಾಗುವುದು ಆಗಲೇ.