ಬಿಲವಾಸಿ ಟರಾಂಟುಲಾ: ಅದರ ಸಾಕುಮನೆಯ ಚರಿತ್ರೆ

ಇಟಲಿ ದೇಶದ ದಕ್ಷಿಣ ತುದಿಯ ಅಪೂಲಿಯಾ ಪ್ರಾಂತದಲ್ಲಿ ಟಾರಾಂಟೋ ಎಂಬ ಪುರಾತನವಾದ ರೇವುಪಟ್ಟಣವುಂಟು. ಅದರ ಸುತ್ತಣ ಬಯಲುಗಳಲ್ಲಿ ಬಿಲ ತೋಡಿಕೊಂಡಿರುವ ದೊಡ್ಡ ಜೇಡವೊಂದಕ್ಕೆ ಊರ ಹೆಸರೇ ಅಂಟಿ ಟರಾಂಟುಲಾ ಎಂದಾಯಿತು. ಅದು ಕಚ್ಚಿದವರಿಗೆ ಒಂದು ಬಗೆಯ ಉನ್ಮಾದವುಂಟಾಗುವುದೆಂದೂ, ವಾದ್ಯಗಳ ಗತಿಗೆ ಸರಿಯಾಗಿ ದಿನಗಟ್ಟಲೆ ಕುಣಿದ ಹೊರತು ಆ ವಿಷವು ಇಳಿಯದೆಂದೂ ಆ ಸೀಮೆಯ ಜನರು ಶತಮಾನಗಳ ಕಾಲ ನಂಬಿದ್ದರು. 1641ರಲ್ಲಿ ಕಿರ್ಖರ್ ಎಂಬ ಜೆಸ್ಯೂಟ್ ಪಾದ್ರಿಯು ಅಯಸ್ಕಾಂತವನ್ನು ಕುರಿತ ತನ್ನ ಗ್ರಂಥದಲ್ಲಿ ಈ ವಿಷಕ್ಕೆ ಮದ್ದಾದ ಸಂಗೀತದ ಪ್ರಕರಣವನ್ನು ಸೇರಿಸಿದನು. ಬಾಗ್ಲೀವಿ ಎಂಬ ವೈದ್ಯನು ಆ ಶತಮಾನದ ಕೊನೆಯಲ್ಲಿ ಈ ಜೇಡವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದನು. 1758ರಲ್ಲಿ ಲಿನ್ನೇಯಸ್ ಪಂಡಿತನು ಶಾಸ್ತ್ರನಾಮವನ್ನು ಕೊಡುವಾಗಲೂ ಊರ ಹೆಸರನ್ನೇ ಉಳಿಸಿದನು. ಈ ಜೇಡದ ಕಡಿತವು ಮನುಷ್ಯನಿಗೆ ಅಷ್ಟೇನೂ ಅಪಾಯಕರವಲ್ಲವೆಂಬುದು ಈಗ ಸಿದ್ಧವಾದ ಸಂಗತಿ. ಇಷ್ಟು ಕೀರ್ತಿಯನ್ನೂ ಅಪಕೀರ್ತಿಯನ್ನೂ ಪಡೆದ ಪ್ರಾಣಿಯು ತನ್ನ ಮನೆಯೊಳಗೆ ಹೇಗೆ ಬಾಳುತ್ತದೆಂಬ ಪ್ರಶ್ನೆಯು ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಆ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಪರಿಶೀಲಿಸಿದರೆ, ಮನುಷ್ಯನು ಜೇಡಕ್ಕೆ ಎಂತಹ ಮನೆಯನ್ನು ಕೊಟ್ಟನೋ ಅಷ್ಟರಮಟ್ಟಿಗೇ ಅದರ ಸ್ವಭಾವವನ್ನು ಅರಿತನೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತನ್ನು ಹೇಳುವುದು ಅವಶ್ಯ. ಟಾರಾಂಟೋವಿನ ಮೂಲ ಟರಾಂಟುಲಾ ತೋಳಜೇಡಗಳ ಕುಲಕ್ಕೆ ಸೇರಿದುದು. ಯೂರೋಪಿಯನ್ನರು ಅಮೆರಿಕಾ ಖಂಡದಲ್ಲಿ ನೆಲೆಸಿದ ಮೇಲೆ ಅಲ್ಲಿ ಕಂಡ ಭಾರಿ ಗಾತ್ರದ, ಮೈತುಂಬ ರೋಮವುಳ್ಳ ಬೇರೊಂದು ಕುಲದ ಜೇಡಗಳನ್ನೂ ಅದೇ ಹೆಸರಿನಿಂದ ಕರೆದರು. ಇಂದು ಟರಾಂಟುಲಾ ಎಂದರೆ ಲೋಕರೂಢಿಯಲ್ಲಿ ಈ ಎರಡನೆಯ ಕುಲವೇ. ಇದನ್ನು ಸಾಕುವ ಆಸೆಯೂ ಹೊಸದಲ್ಲ. ಬೇಟ್ಸ್ ಎಂಬ ನಿಸರ್ಗಶಾಸ್ತ್ರಜ್ಞನು ಅಮೆಜಾನ್ ನದೀತೀರದಲ್ಲಿ ಆದಿವಾಸಿಗಳ ಮಕ್ಕಳು ಇಂತಹ ಜೇಡವೊಂದರ ಸೊಂಟಕ್ಕೆ ದಾರ ಕಟ್ಟಿ ನಾಯಿಯಂತೆ ಮನೆಯೊಳಗೆ ನಡೆಸಾಡಿಸುತ್ತಿದ್ದುದನ್ನು ಕಂಡು, 1863ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ದಾಖಲೆಮಾಡಿದ್ದಾನೆ. ಎರಡು ಕುಲಗಳಿಗೂ ಸಂಬಂಧ ದೂರದ್ದು. ಆದರೆ ಎರಡರಲ್ಲಿಯೂ ಬಿಲವೇ ಸರ್ವಸ್ವವಾಗಿರುವ ಜಾತಿಗಳುಂಟು. ಆದುದರಿಂದಲೇ ಇವೆರಡರ ಸಾಕಣೆಯ ಚರಿತ್ರೆಯನ್ನು ಒಂದಾಗಿ ನೋಡುವುದು ಯುಕ್ತ.

ಮೊದಲು ಉಲ್ಲೇಖಿಸತಕ್ಕವನು ಫ್ರಾನ್ಸಿನ ಲಿಯೋನ್ ಡುಫೂರ್. ಇವನು ನೆಪೋಲಿಯನ್ನನ ಸೈನ್ಯದಲ್ಲಿ ವೈದ್ಯನಾಗಿ ಸ್ಪೇನ್ ದೇಶದಲ್ಲಿದ್ದನು. 1812ನೆಯ ಇಸವಿ ಮೇ 7ನೆಯ ತಾರೀಖು ವೆಲೆನ್ಸಿಯಾದಲ್ಲಿ ಒಂದು ಗಂಡು ಟರಾಂಟುಲಾವನ್ನು ಗಾಯವಾಗದಂತೆ ಹಿಡಿದು ಗಾಜಿನ ಜಾಡಿಯಲ್ಲಿ ಇಟ್ಟನು. ಜಾಡಿಯ ಬಾಯಿಗೆ ಕಾಗದ ಕಟ್ಟಿ, ಅದರಲ್ಲಿ ಚಿಕ್ಕ ಬಾಗಿಲನ್ನು ಕೊರೆದು, ವಾಸಕ್ಕೆಂದು ತಳದಲ್ಲಿ ಕಾಗದದ ಪೊಟ್ಟಣವೊಂದನ್ನು ಇರಿಸಿದನು. ಮಲಗುವ ಕೋಣೆಯ ಮೇಜಿನ ಮೇಲಿದ್ದ ಆ ಸೆರೆಯಾಳು ದಿನಕಳೆದಂತೆ ಪಳಗಿ, ಅವನ ಬೆರಳ ತುದಿಯಿಂದಲೇ ನೊಣವನ್ನು ತೆಗೆದುಕೊಳ್ಳುವಷ್ಟು ಸಲುಗೆಯನ್ನು ಪಡೆಯಿತು. ಉನ್ಮಾದವನ್ನು ತರುವ ಭೂತವೆಂದು ಹೆದರಿಸಲ್ಪಟ್ಟ ಪ್ರಾಣಿಗೆ ಇದು ದೊರೆತ ದೊಡ್ಡ ನ್ಯಾಯವೆಂದೇ ಹೇಳಬೇಕು.

ಆದರೆ ಗಾಜಿನ ಜಾಡಿ ಎಷ್ಟನ್ನು ತೋರಿಸಬಲ್ಲುದೋ ಅಷ್ಟನ್ನು ಮಾತ್ರ ತೋರಿಸಿತು. ಡುಫೂರನು ಎರಡು ಬಲಿತ ಗಂಡುಗಳನ್ನು ಒಂದೇ ಗಾಜಿನ ಪಾತ್ರೆಯಲ್ಲಿ ಬಿಟ್ಟಾಗ ಅವು ಸೆಣಸಾಡಿ, ಗೆದ್ದುದು ಸೋತುದನ್ನು ತಿಂದುಬಿಟ್ಟಿತು. ಓಡಿಹೋಗಲು ಎಡೆಯಿಲ್ಲದ ಬರಿಯ ನೆಲದ ಮೇಲೆ ಕಂಡ ಈ ಕ್ರೌರ್ಯದಲ್ಲಿ ಜೇಡದ ಪಾಲೆಷ್ಟು, ಪಾತ್ರೆಯ ಪಾಲೆಷ್ಟು ಎಂಬುದನ್ನು ನಿರ್ಣಯಿಸಲು ಅಲ್ಲಿ ಸಾಧನವಿರಲಿಲ್ಲ. ಅದೇ ಡುಫೂರನು ಬಯಲಿನಲ್ಲಿ ಬಿಲವನ್ನು ಪರೀಕ್ಷಿಸಿ 1835ರಲ್ಲಿ ಬರೆದ ವಿವರಣೆಯು ಇದಕ್ಕಿಂತ ಎಷ್ಟೋ ಮೇಲಾದುದು. ಬಿಲವು ದುಂಡಗೆ ಸುಮಾರು 1 ಅಂಗುಲ ಅಗಲವಾಗಿ, 1 ಅಡಿಗೂ ಮಿಕ್ಕು ಆಳವಾಗಿರುವುದು. ಮೊದಲು ನೆಟ್ಟಗೆ ಇಳಿದು, 4-5 ಅಂಗುಲ ಕೆಳಗೆ ಅಡ್ಡಲಾಗಿ ಬಾಗಿ, ಪುನಃ ನೆಟ್ಟಗಾಗುವುದು. ಆ ಬಾಗಿನಲ್ಲಿ ಜೇಡವು ಕಾವಲು ಕುಳಿತು ಬಾಗಿಲನ್ನೇ ನೋಡುತ್ತಿರುವುದು. ಬಾಯಿಯ ಸುತ್ತ ಕಡ್ಡಿಚೂರುಗಳನ್ನು ಮಣ್ಣಿನಿಂದ ಬೆಸೆದು, ಒಳಗೆ ರೇಷ್ಮೆಯನ್ನು ಹೊದಿಸಿದ ಕಟ್ಟೆಯುಂಟು. ಹೀಗೆ ಒಬ್ಬನೇ ವಿದ್ವಾಂಸನ ಕೈಯಲ್ಲಿ ಬಿಲದ ಜ್ಞಾನವೂ ಜಾಡಿಯ ಸಾಕಣೆಯೂ ಇದ್ದುವು, ಎರಡೂ ಒಂದುಗೂಡಲಿಲ್ಲ.

ಗಾಜಿಗೂ ಮಣ್ಣಿಗೂ ನಂಟು ಬೆಳೆದುದು ಬೇರೊಂದು ದಾರಿಯಿಂದ. ಲಂಡನ್ನಿನ ವೈದ್ಯನಾದ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿ ಹೂತು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟನು. ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ತಾವಾಗಿಯೇ ಮೊಳೆತುವು. ಹಗಲು ಮೇಲೆದ್ದ ನೀರಾವಿಯು ಗಾಜಿನ ಮೇಲೆ ಹನಿಯಾಗಿ ಮರಳಿ ಮಣ್ಣಿಗೇ ಇಳಿಯುತ್ತಿದ್ದುದರಿಂದ ನೀರೆರೆಯುವ ಅಗತ್ಯವೇ ಇರಲಿಲ್ಲ. 1842ರಲ್ಲಿ ಅವನು ಈ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದನು. ಗಾಜಿನೊಳಗೆ ಒಂದು ತುಂಡು ನೆಲವು ತನ್ನಷ್ಟಕ್ಕೆ ಬಾಳಬಲ್ಲುದೆಂಬ ಅರಿವೇ ಇಂದಿನ ಸಹಜರೀತಿಯ ಸಾಕುಮನೆಗೆ ಅಡಿಗಲ್ಲು.

ಜೇಡಕ್ಕೆ ಸುತ್ತಣ ನೆಲವು ಎಷ್ಟು ಮುಖ್ಯವೆಂಬುದನ್ನು ಮೆಡಿಟರೇನಿಯನ್ ತೀರದ ಮೆಂಟನ್ನಿನಲ್ಲಿ ಮಾಗ್ರಿಜ್ ಎಂಬ ಆಂಗ್ಲ ತರುಣನು ಪರೀಕ್ಷಿಸಿದನು. ಬಿಲದ ಬಾಯಿಗೆ ಕೀಲುಬಾಗಿಲನ್ನು ಹಚ್ಚುವ ಜೇಡಗಳನ್ನು ಕುರಿತ ಅವನ ಗ್ರಂಥವು 1873ರಲ್ಲಿ ಹೊರಬಂದಿತು. ಇವು ಇಂದಿನ ಟರಾಂಟುಲಾಗಳಿಗೆ ತೋಳಜೇಡಗಳಿಗಿಂತ ಹತ್ತಿರದ ಬಂಧುಗಳು. ಪಾಚಿ ಮುಚ್ಚಿದ ಬಾಗಿಲನ್ನೂ ಸುತ್ತಲಿನ ಪಾಚಿಯನ್ನೂ ಅವನು ಕಿತ್ತು ನೆಲವನ್ನು ಬರಿದುಮಾಡಿದನು. ಜೇಡವು ಹೊಸ ಬಾಗಿಲನ್ನು ಮಾಡಿ, ದೂರದಿಂದ ಪಾಚಿಯನ್ನು ತಂದು ಅದರ ಮೇಲೆ ನೆಟ್ಟಿತು. ಮರೆಯಾಗಬೇಕಾದ ಬಾಗಿಲು ಬೋಳು ನೆಲದಲ್ಲಿ ಹಸುರಾಗಿ ಎದ್ದು ಕಂಡಿತು. ನೆಲೆಯನ್ನು ಕೆಡಿಸಿದರೆ ಪ್ರಾಣಿಯ ಜಾಣ್ಮೆಯೇ ಅದಕ್ಕೆ ಕೇಡಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಎಳೆಗಳನ್ನೆಲ್ಲ ಒಂದುಗೂಡಿಸಿದ ಕೀರ್ತಿಯು ಜಾಂ ಆನ್ರಿ ಫಾಬ್ರ್ ಎಂಬ ಮಹನೀಯನಿಗೆ ಸಲ್ಲುವುದು (1823–1915). 1879ರಲ್ಲಿ ದಕ್ಷಿಣ ಫ್ರಾನ್ಸಿನ ಸೆರಿಞಾನ್ ಗ್ರಾಮದಲ್ಲಿ ಕಲ್ಲುಮಣ್ಣಿನ ಬಂಜರು ಭೂಮಿಯೊಂದನ್ನು ಕೊಂಡು, ಅದನ್ನೇ ತನ್ನ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಅಲ್ಲಿನ ಕರಿಹೊಟ್ಟೆಯ ತೋಳಜೇಡವನ್ನು ಸಾಕಲು ಅವನು ಖಾಲಿ ಜಾಡಿಯನ್ನು ಹುಡುಕಲಿಲ್ಲ. ಮಣ್ಣಿನ ಪಾತ್ರೆಗಳಲ್ಲಿ ಜೇಡವಿದ್ದ ನೆಲದ ಕೆಮ್ಮಣ್ಣನ್ನೇ ಹರಳುಗಳೊಂದಿಗೆ ತುಂಬಿ, ಬಿಲದ ಅಳತೆಗೆ ಸರಿಯಾದ ಜೊಂಡಿನ ಕೊಳವೆಯನ್ನು ನೆಟ್ಟನೆ ಹೂತು, ಮೇಲೆ ತಂತಿಬಲೆಯನ್ನು ಮುಚ್ಚಿದನು. ಕಟ್ಟೆಗೆ ಸಾಮಗ್ರಿಯೆಂದು ಸಣ್ಣ ಹರಳುಗಳನ್ನೂ ಬಣ್ಣಬಣ್ಣದ ಉಣ್ಣೆಯ ತುಂಡುಗಳನ್ನೂ ಒದಗಿಸಿದನು. ಜೇಡಗಳು ಬಣ್ಣದ ಭೇದವನ್ನೆಣಿಸದೆ ಅವನ್ನೆಲ್ಲ ಬಳಸಿ, ಬಯಲಿನಲ್ಲಿ ಅಪರೂಪವಾದ ಸುಮಾರು 2 ಅಂಗುಲ ಎತ್ತರದ ಗೋಪುರಗಳನ್ನು ಕಟ್ಟಿದುವು. ಬಯಲಿನ ಕಟ್ಟೆಯು ಗಿಡ್ಡಾಗಿರುವುದಕ್ಕೆ ಕಾರಣವು ಕುಶಲತೆಯ ಅಭಾವವಲ್ಲ, ಸಾಮಗ್ರಿಯ ಅಭಾವವೆಂಬುದು ಹೀಗೆ ತಿಳಿದುಬಂದಿತು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಂಭೀರವಾದುದು. ಬಿಲವನ್ನು ಕಳೆದುಕೊಂಡ ಬಲಿತ ಹೆಣ್ಣುಜೇಡವು ಗಟ್ಟಿನೆಲದ ಮೇಲೆ ಬಿಟ್ಟರೆ ಹೊಸ ಬಿಲವನ್ನು ತೊಡಗಲಾರದೆ ಅಲೆದಲೆದು ಸೊರಗುತ್ತಿದ್ದಿತು. ಕೋಲಿನಿಂದ ಒಂದಿಷ್ಟು ಕುಳಿಯನ್ನು ಮಾಡಿಕೊಟ್ಟರೆ ಮಾತ್ರ ಅದನ್ನು ಒಪ್ಪಿ ಒಳಹೊಗುತ್ತಿದ್ದಿತು. ಮನೆ ದೊರೆತ ಜೇಡಗಳಾದರೋ ತಮ್ಮ ಗೃಹಕೃತ್ಯವನ್ನೆಲ್ಲ ಅವನಿಗೆ ತೋರಿಸಿದುವು. ತಾಯಿಯು ಮೊಟ್ಟೆಯ ಚೀಲವನ್ನು ಬಿಲದ ಬಾಯಿಗೆ ತಂದು ಹಿಂಗಾಲುಗಳಿಂದ ತಿರುಗಿಸುತ್ತ ಬಿಸಿಲು ಕಾಯಿಸುವುದೂ, ಮರಿಗಳು ತಿಂಗಳುಗಟ್ಟಲೆ ಅದರ ಬೆನ್ನಮೇಲೆಯೇ ಇರುವುದೂ ಲೋಕಕ್ಕೆ ತಿಳಿದುವು. ಜಾಡಿಯಲ್ಲಿ ಕೊಲೆಗಾರನಾಗಿ ಕಂಡ ಪ್ರಾಣಿಯು ಮಣ್ಣಿನಲ್ಲಿ ತಾಯಿಯಾಗಿ ಕಂಡಿತು.

ಅಮೆರಿಕಾದ ಟರಾಂಟುಲಾಗಳಿಗೆ ಇಂತಹದೇ ಸೇವೆಯನ್ನು ಮಾಡಿದವನು ಆರ್ಕನ್ಸಾ ವಿಶ್ವವಿದ್ಯಾನಿಲಯದ ವಿಲಿಯಂ ಬೇರ್ಗ್. ಅವನು ದಶಕಗಳ ಕಾಲ ಜೇಡಗಳನ್ನು ಸಾಕಿದನು. ತನ್ನ ಕೈಯನ್ನೇ ಕಡಿತಕ್ಕೊಡ್ಡಿ, ಆ ಸೀಮೆಯ ಟರಾಂಟುಲಾದ ವಿಷವು ಮನುಷ್ಯನಿಗೆ ಭಯಂಕರವಲ್ಲವೆಂದು ತೋರಿಸಿದನು. ಮರಿಯು ಪ್ರಾಯಕ್ಕೆ ಬರಲು 10 ವರ್ಷಗಳಷ್ಟು ಬೇಕೆಂಬುದನ್ನೂ, ಹೆಣ್ಣು 20 ವರ್ಷಗಳನ್ನು ಮೀರಿ ಬದುಕುವುದೆಂಬುದನ್ನೂ ಕಂಡುಕೊಂಡನು. ಅವನ ಗ್ರಂಥವು 1958ರಲ್ಲಿ ಅಚ್ಚಾಯಿತು. ಅಲ್ಪಾಯುಷಿ ಹುಳುವೆಂದು ತೋರಿದ್ದುದು ನಾಯಿಗಿಂತ ದೀರ್ಘಾಯುಷಿಯೆಂದಾದ ಮೇಲೆ, ಅದಕ್ಕೆ ಕೊಡುವ ಮನೆಯೂ ತಾತ್ಕಾಲಿಕವಾಗಿರಲಾರದಾಯಿತು.

ಇಂದು ಬಿಲವಾಸಿ ಟರಾಂಟುಲಾವನ್ನು ಸಾಕುವವರು ಅನುಸರಿಸುವ ಕ್ರಮದಲ್ಲಿ ಈ ಚರಿತ್ರೆಯ ಒಂದೊಂದು ಪಾಠವೂ ಅಡಗಿದೆ. ಗಾಜಿನ ಪೆಟ್ಟಿಗೆಯ ಬಹುಭಾಗವನ್ನು ಮಣ್ಣೇ ತುಂಬಿರಬೇಕು. ಅದರ ಆಳವು ಜೇಡದ ಕಾಲುಗಳ ಹರವಿಗಿಂತ ಹೆಚ್ಚಾಗಿರಬೇಕು. ಬಿಲವು ಕುಸಿಯದಂತೆ ಜೇಡಿಯನ್ನು ಬೆರಸಿ ಮಣ್ಣನ್ನು ಒತ್ತಬೇಕು. ಮೇಲ್ಪದರವು ಒಣಗಿದರೂ ಕೆಳಪದರದಲ್ಲಿ ತಂಪಿರಬೇಕು. ಮಣ್ಣಿನ ಮೇಲೆ ಬಿಡುವ ಎಡೆಯು ಗಿಡ್ಡಾಗಿರಬೇಕು. ಎತ್ತರದಿಂದ ಬಿದ್ದರೆ ಜೇಡದ ಮೃದುವಾದ ಹೊಟ್ಟೆಯು ಒಡೆಯುವುದು. ಮರದ ತೊಗಟೆಯ ಕೆಳಗೆ ಬೆರಳುದ್ದದ ಕುಳಿಯನ್ನು ತೋಡಿಕೊಡುವ ವಾಡಿಕೆಯಂತೂ ಫಾಬ್ರನ ಕೋಲಿನ ನೇರ ವಂಶವೇ ಸರಿ. ಬರ್ಮಾ ಮತ್ತು ಥಾಯ್ಲೆಂಡುಗಳ ನೀಲಿ ಟರಾಂಟುಲಾದಂತಹ ಜಾತಿಗಳು ತೆಳ್ಳನೆಯ ಮಣ್ಣಿನಲ್ಲಿ ಸದಾ ಕೆರಳಿ ಕಾಲೆತ್ತಿ ನಿಲ್ಲುವುದುಂಟು. ಆಳವಾದ ಮಣ್ಣು ದೊರೆತೊಡನೆ ಒಳಗಿಳಿದು ಶಾಂತವಾಗುವುವು. ಇದನ್ನು ನೋಡಿದರೆ, ಸ್ವಭಾವದೋಷವೆಂದು ಹೆಸರಿಟ್ಟುದು ಎಷ್ಟೋ ವೇಳೆ ವಸತಿದೋಷವಾಗಿತ್ತೆಂದು ತಿಳಿಯಬೇಕು.

ಕನ್ನಡನಾಡಿಗೆ ಈ ಪ್ರಾಣಿಯು ಪರಕೀಯವಲ್ಲ. 1899ರಲ್ಲಿ ಪೋಕಾಕ್ ಪಂಡಿತನು ಥ್ರಿಗ್ಮೋಪಿಯಸ್ ಎಂದು ಹೆಸರಿಟ್ಟ ಬಿಲವಾಸಿ ಟರಾಂಟುಲಾಗಳು ಪಶ್ಚಿಮಘಟ್ಟದ ನಿವಾಸಿಗಳು. ಉತ್ತರ ಕನ್ನಡದ ಕಾಡುಗಳೂ ಅವುಗಳ ನೆಲೆ. ಇವನ್ನು ಬಿಲದಿಂದ ಅಗೆದೊಯ್ಯುವ ಆಸೆ ಹುಟ್ಟಿದವರು ಫಾಬ್ರನು ಕಂಡ ಮನೆಗೆಟ್ಟ ತಾಯಿಯನ್ನು ನೆನೆಯುವುದು ಒಳ್ಳೆಯದು. ಸಾಕಣೆಯ ವ್ಯಾಪಾರವು ಕಾಡನ್ನು ಬರಿದುಮಾಡಬಹುದೆಂಬ ಶಂಕೆಯಿಂದಲೇ 1985ರಲ್ಲಿ ಮೆಕ್ಸಿಕೋವಿನ ಕೆಂಪುಮೊಣಕಾಲಿನ ಟರಾಂಟುಲಾವನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಕಟ್ಟಳೆಗೆ ಒಳಪಡಿಸಲಾಯಿತು.

ಸೆರೆಹಿಡಿಯದೆಯೇ ಅರಿಯುವ ದಾರಿಯೂ ಉಂಟು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇಯಿನ್ ಎಂಬ ವಿದುಷಿಯು 1974ರಲ್ಲಿ ಕೀಲುಬಾಗಿಲ ಜೇಡಗಳ ಬಿಲಗಳನ್ನು ಗುರುತಿಸಿ, ಒಂದೊಂದಕ್ಕೂ ಅಂಕೆಯನ್ನು ಕೊಟ್ಟು, ಜೇಡವನ್ನು ಕದಲಿಸದೆ ವರ್ಷ ವರ್ಷವೂ ಬಂದು ನೋಡಿದಳು. 16ನೆಯ ಅಂಕೆಯ ಹೆಣ್ಣುಜೇಡವು ತನ್ನ ಒಂದೇ ಬಿಲದಲ್ಲಿ 43 ವರ್ಷ ಬಾಳಿ 2016ರಲ್ಲಿ ಗತಿಸಿದುದು ಕಂಡುಬಂದಿತು. ಡುಫೂರನ ಜಾಡಿಯಿಂದ ಈ ಬಿಲದವರೆಗಿನ ಎರಡು ಶತಮಾನಗಳ ಸಾರವು ಇಷ್ಟೇ: ಒಳ್ಳೆಯ ಸಾಕುಮನೆಯು ತನ್ನ ಒಕ್ಕಲನ್ನು ನೋಡುವವನ ಕಣ್ಣಿಂದ ಮರೆಮಾಡುತ್ತದೆ. ಆ ಮರೆಯನ್ನು ಸಹಿಸಿ ಕಾದು ಕುಳಿತವನಿಗೆ ಮಾತ್ರ ಅದು ತನ್ನ ನಿಜವನ್ನು ತಿಳಿಸಿದೆ.