ಪ್ಲೇಗಿನ ಕ್ರಿಮಿಯೂ ಅದರ ಮಾರ್ಗವೂ

ರೋಗಗಳನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳೆಲ್ಲವೂ ಒಂದೇ ಜಾತಿಯವಲ್ಲ. ಸಿಡುಬಿಗೆ ಕಾರಣವಾಗಿದ್ದುದು ಅನ್ಯಜೀವಕೋಶವನ್ನು ಹೊಕ್ಕಲ್ಲದೆ ವೃದ್ಧಿ ಹೊಂದಲಾರದ ವೈರಸ್ಸು. ಮಲೇರಿಯವನ್ನು ತರುವುದು ರಕ್ತಕಣಗಳೊಳಗೆ ಬೆಳೆಯುವ ಏಕಕೋಶಜೀವಿ. ಕಾಲರಾ ಪ್ಲೇಗುಗಳು ಬ್ಯಾಕ್ಟೀರಿಯಗಳಿಂದ ಉಂಟಾಗತಕ್ಕವು. ಆದರೆ ಕ್ರಿಮಿಯ ಜಾತಿಯನ್ನು ಗುರುತಿಸಿದ ಮಾತ್ರಕ್ಕೆ ರೋಗವನ್ನು ತಿಳಿದಂತಾಗದು. ಅದು ಯಾವ ದಾರಿಯಿಂದ ದೇಹವನ್ನು ಸೇರುತ್ತದೆಂಬುದೂ ತಿಳಿಯಬೇಕು. ಮೊದಲನೆಯ ತಿಳಿವಿಗೂ ಎರಡನೆಯದಕ್ಕೂ ನಡುವೆ ಕಳೆದ ಸುಮಾರು ಹತ್ತು ವರ್ಷಗಳಲ್ಲಿ ಜನರು ಪಟ್ಟ ಪಾಡೇ ಮುಂಬಯಿ, ಮೈಸೂರು ಸೀಮೆಗಳ ಪ್ಲೇಗಿನ ಚರಿತ್ರೆಯಾಗಿದೆ.

ಕ್ರಿಮಿಯು ಮೊದಲು ಕಂಡದ್ದು 1894ರಲ್ಲಿ, ಹಾಂಗ್‌ಕಾಂಗ್ ನಗರದಲ್ಲಿ. ಅಲ್ಲಿ ಯೆರ್ಸಿನ್ ಮತ್ತು ಕಿಟಸಾಟೊ ಎಂಬ ಇಬ್ಬರು ಪಂಡಿತರು ಬೇರೆ ಬೇರೆಯಾಗಿ ಅದನ್ನು ಹುಡುಕುತ್ತಿದ್ದರು. ಹೆಸರು ಕಡೆಗೆ ನಿಂತದ್ದು ಯೆರ್ಸಿನ್ನನದು. ಸತ್ತ ಇಲಿಗಳಲ್ಲಿಯೂ ಅದೇ ಕ್ರಿಮಿ ಇರುವುದನ್ನು ಆತನು ಕಂಡಿದ್ದನು. 1896ರಲ್ಲಿ ರೋಗವು ಮುಂಬಯಿಯಲ್ಲಿ ತಲೆದೋರಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಜಾರಿಗೆ ಬಂದಿತು. ಅದೇ ವರ್ಷದ ಜನವರಿಯಲ್ಲಿ ಹಾಫ್ಕಿನ್ನನು ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಕ್ರಿಮಿಯು ಕೈಗೆ ಸಿಕ್ಕಿದ್ದಿತು, ಮಾರ್ಗವು ಮಾತ್ರ ಸಿಕ್ಕಿರಲಿಲ್ಲ. ಆದಕಾರಣ ಅಧಿಕಾರಿಗಳ ಯುದ್ಧವೆಲ್ಲವೂ ಮನುಷ್ಯರ ಮೇಲೆಯೂ ಮನೆಗಳ ಮೇಲೆಯೂ ನಡೆಯಿತು: ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಗೋಡೆ ನೆಲಗಳಿಗೆ ಔಷಧಿಯ ಸಿಂಪಡಿಕೆ, ರೋಗಿಯ ನಂಟರನ್ನು ಶಿಬಿರಗಳಿಗೆ ಸಾಗಿಸುವುದು. ಬರಿಗಾಲಿನ ಗಾಯಗಳ ಮೂಲಕ ಕ್ರಿಮಿಯು ನೆಲದಿಂದ ಮೇಲೇರುತ್ತದೆಂದು ಊಹಿಸಿದವರೂ ಉಂಟು. ತೊಡೆಯ ಸಂದಿನಲ್ಲಿಯೇ ಗಡ್ಡೆ ಹೆಚ್ಚಾಗಿ ಕಾಣುತ್ತಿದ್ದುದರಿಂದ ಆ ಊಹೆಯು ತೀರ ಅವಿವೇಕದ್ದೆಂದು ಹೇಳುವಂತಿಲ್ಲ.

1898ನೆಯ ಆಗಸ್ಟ್ ತಿಂಗಳಲ್ಲಿ ರೋಗವು ಬೆಂಗಳೂರಿಗೆ ಬಂದಿತು. ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಆಗತಾನೆ ತಲೆಯೆತ್ತುತ್ತಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಪೇಟೆಯ ಇಕ್ಕಟ್ಟಿನಿಂದ ಹೊರಟ ಸಂಸಾರಗಳು ಬಂದು ನೆಲಸಿದುವು. ಸಾಮಾನ್ಯ ಜನರು ಪ್ಲೇಗಮ್ಮನೆಂಬ ಹೊಸ ದೇವತೆಯನ್ನು ಪೂಜಿಸತೊಡಗಿದರು. 'ಮಾರಿ' ಎಂಬ ಹಳೆಯ ಮಾತು ಭಾಷೆಯಲ್ಲಿದ್ದರೂ ಆಂಗ್ಲ ಶಬ್ದವೇ ದೇವತೆಯ ಹೆಸರಿಗೂ ಅಂಟಿಕೊಂಡಿತೆಂಬುದು ಭಾಷಾಭ್ಯಾಸಿಗಳು ಗಮನಿಸತಕ್ಕ ಸಂಗತಿ.

ಹಳ್ಳಿಗಳಲ್ಲಿ ಬಳಕೆಗೆ ಬಂದ ಇನ್ನೊಂದು ಮಾತು 'ಇಲಿ ಬಿತ್ತು' ಎಂಬುದು. ಅಟ್ಟದಿಂದ ಇಲಿಯೊಂದು ಸತ್ತು ಬಿದ್ದಿತೆಂದರೆ ಜನರು ಪಾತ್ರೆಪಡಗಗಳೊಡನೆ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹಿಮಾಲಯದ ಗಢವಾಲ, ಕುಮಾಊ ಪ್ರಾಂತಗಳಲ್ಲಿಯೂ ಇದೇ ವಾಡಿಕೆಯು ಬಹುಕಾಲದಿಂದ ಇದ್ದಿತು. ಅವರಿಗೆ ಕ್ರಿಮಿಯ ವಿಚಾರವು ತಿಳಿಯದು. ಆದರೆ ರೋಗವು ಮನುಷ್ಯನಿಗಿಂತ ಮೊದಲು ಇಲಿಯನ್ನು ಹಿಡಿಯುತ್ತದೆಂಬುದನ್ನು ಕಣ್ಣಾರೆ ಕಂಡಿದ್ದರು.

ಇಲಿಗೂ ಮನುಷ್ಯನಿಗೂ ನಡುವಣ ಕೊಂಡಿಯನ್ನು ತೋರಿಸಿದವನು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ. 1898ರ ಜೂನ್ ತಿಂಗಳಲ್ಲಿ ಕರಾಚಿಯಲ್ಲಿ ಆತನು ರೋಗಗ್ರಸ್ತವಾದ ಇಲಿಯನ್ನೂ ಆರೋಗ್ಯದ ಇಲಿಯನ್ನೂ ಒಂದನ್ನೊಂದು ಮುಟ್ಟಲಾಗದಂತೆ ಇರಿಸಿ, ಚಿಗಟಗಳು ಮಾತ್ರ ದಾಟಬಲ್ಲಂತೆ ಏರ್ಪಡಿಸಿದನು. ಎರಡನೆಯದೂ ಪ್ಲೇಗಿನಿಂದ ಸತ್ತಿತು. ಬೆಂಗಳೂರಿಗೆ ರೋಗ ಬರುವುದಕ್ಕೆ ಎರಡು ತಿಂಗಳ ಹಿಂದಿನ ಮಾತಿದು! ಆದರೆ ವಿದ್ವಾಂಸರು ಆತನನ್ನು ನಂಬಲಿಲ್ಲ. 1905ರ ಅನಂತರ ಮುಂಬಯಿಯಲ್ಲಿ ಪ್ಲೇಗ್ ಸಂಶೋಧನಮಂಡಲಿಯು ಅದನ್ನು ಸಮರ್ಥಿಸುವವರೆಗೆ ಆ ಪ್ರಯೋಗವು ಮೂಲೆಯಲ್ಲಿ ಬಿದ್ದಿತ್ತು.

ಚಿಗಟವು ಕ್ರಿಮಿಯನ್ನು ದಾಟಿಸುವ ರೀತಿಯನ್ನು 1914ರಲ್ಲಿ ಬೇಕಟ್, ಮಾರ್ಟಿನ್ ಎಂಬವರು ವಿವರಿಸಿದರು. ಚಿಗಟದ ಅನ್ನಮಾರ್ಗದಲ್ಲಿ ಕ್ರಿಮಿಗಳು ಮುದ್ದೆಗಟ್ಟಿ ದಾರಿಯನ್ನು ಮುಚ್ಚಿಬಿಡುತ್ತವೆ. ಹೀರಿದ ರಕ್ತವು ಒಳಗೆ ಇಳಿಯದು. ಹಸಿವು ತಾಳಲಾರದೆ ಅದು ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಸಲವೂ ರಕ್ತವು ಮುದ್ದೆಗೆ ತಾಗಿ, ಕ್ರಿಮಿಗಳೊಡನೆ ಗಾಯಕ್ಕೇ ಹಿಂದಿರುಗುತ್ತದೆ. ಇಲಿಯು ಸತ್ತು ತಣ್ಣಗಾದ ಮೇಲೆ ಚಿಗಟವು ಅದನ್ನು ತೊರೆದು ಮನೆಯವರ ಕಾಲನ್ನು ಹುಡುಕುವುದು. ತೊಡೆಸಂದಿನ ಗಡ್ಡೆಯ ರಹಸ್ಯವು ಇಷ್ಟೆ.

ಮೈಯನ್ನು ಹೊಕ್ಕ ಕ್ರಿಮಿಯ ನಡತೆಯು ಇನ್ನೂ ವಿಚಿತ್ರವಾದುದು. ತನ್ನನ್ನು ನುಂಗಲು ಬಂದ ರಕ್ಷಕಕಣಗಳಲ್ಲಿ ಕೆಲವನ್ನೇ ವಾಹನವಾಗಿ ಮಾಡಿಕೊಂಡು ಅದು ಸಮೀಪದ ರಸಗ್ರಂಥಿಯನ್ನು ಸೇರುತ್ತದೆ. ದೇಹದ ಬಿಸಿಗೆ ಅದರ ಸುತ್ತ ಕವಚವೊಂದು ಬೆಳೆಯುತ್ತದೆ. ಮುಂದೆ ಎದುರಾದ ಕಣಗಳೊಳಕ್ಕೆ ಸೂಜಿಯಂತಹ ಅಂಗದಿಂದ ವಿಷವನ್ನು ಹೊಗಿಸಿ ಅವನ್ನು ನಿಶ್ಚೇಷ್ಟಿತಗೊಳಿಸುತ್ತದೆ. ಗ್ರಂಥಿಯು ಊದಿ ಗಡ್ಡೆಯಾಗುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿದರೆ ರೋಗಿಯು ಉಳಿಯುವುದು ದುರ್ಲಭ; ಔಷಧಿಯಿಲ್ಲದ ಆ ದಿನಗಳಲ್ಲಿ ಗಡ್ಡೆಯ ಪ್ಲೇಗಿನಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು.

ಇಲಿ ಬಿದ್ದೊಡನೆ ಊರು ಬಿಟ್ಟವರು ಹಸಿದ ಚಿಗಟಗಳನ್ನು ಬರಿಯ ಮನೆಗಳಲ್ಲಿ ಬಿಟ್ಟುಹೋಗುತ್ತಿದ್ದರು. ಬೇಸಗೆಯ ಒಣಬಿಸಿಲು ಚಿಗಟಕ್ಕೆ ಒಗ್ಗದು. ಸೆಕೆಯೇರಿದಾಗ ಇಳಿಮುಖವಾಗುತ್ತಿದ್ದುದು ಈ ರೋಗದ ಸಾಮಾನ್ಯ ಕ್ರಮ. ಆದರೆ ರೋಗವು ಶ್ವಾಸಕೋಶಕ್ಕೆ ತಗುಲಿದಲ್ಲಿ ಇಲಿಯೂ ಬೇಡ, ಚಿಗಟವೂ ಬೇಡ. ಕೆಮ್ಮಿನ ಹನಿಗಳೇ ಸಾಕು. ಅಂತಹ ರೋಗಿಯೊಬ್ಬನು ಒಳಗಿದ್ದರೆ ಹೊಲದ ಗುಡಿಸಲೂ ಊರಿನ ಮನೆಗಿಂತ ಸುರಕ್ಷಿತವಾಗಿರಲಿಲ್ಲ.