ಮೂರನೆಯ ಲಾಳಿ

ಮನೆಯೊಳಗೆ ಚಿತ್ರ ತೆಗೆಯುವವರ ಚರಿತ್ರೆಯೆಂದರೆ ಬೆಳಕಿನ ಬಡತನದ ಚರಿತ್ರೆ. 1956ರ 'ಅಪರಾಜಿತೊ' ಚಿತ್ರಕ್ಕೆ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಸುಬ್ರತ ಮಿತ್ರ ಅವರು ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದರತ್ತ ತಿರುಗಿಸಿದರು. ಬಟ್ಟೆಯಿಂದ ಇಳಿದ ಬೆಳಕು ಆಕಾಶದಿಂದಲೇ ಬಂದಂತೆ ಮೆದುವಾಗಿತ್ತು. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರದು ಇನ್ನೊಂದು ದಾರಿ. 1959ರ 'ಕಾಗಜ್ ಕೇ ಫೂಲ್'ಗಾಗಿ ಅವರು ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ಕರೆತಂದರು.

ಚಳ್ಳಕೆರೆಯ ಮದುವೆಗಳಿಗೆ ವಿಡಿಯೋ ಬಂದಾಗ ಇಂಥ ನಾಜೂಕೇನೂ ಇರಲಿಲ್ಲ. ಮುಖಕ್ಕೆ ನೇರ ಹ್ಯಾಲೊಜೆನ್ ದೀಪ. ಮದುಮಗಳು ಕಣ್ಣು ಕಿರಿದಾಗಿಸಿ ಬೆವರುತ್ತಿದ್ದಳು. ಆದರೂ ಆ ಸಣ್ಣ ಕ್ಯಾಮೆರಾಗಳ ಒಂದು ಗುಣ ಹೇಳಲೇಬೇಕು: ಮುಂದಿದ್ದವರೂ ಹಿಂದಿದ್ದವರೂ ಬಹುಮಟ್ಟಿಗೆ ಸ್ಪಷ್ಟವಾಗಿಯೇ ಬೀಳುತ್ತಿದ್ದರು. ಈಗಿನ ದೊಡ್ಡ ಸೆನ್ಸರಿನ ಕ್ಯಾಮೆರಾಗಳಲ್ಲಿ ಹಿನ್ನೆಲೆಯನ್ನು ಮಂಜಾಗಿಸುವುದೇ ಸೊಗಸು. ನನಗೆ ಈ ಸೊಗಸಿನ ಮೇಲೆ ಗುಮಾನಿ.

ಗುಮಾನಿಗೆ ಕಾರಣ ಮೊಳಕಾಲ್ಮೂರಿನ ಒಂದು ಮಗ್ಗ. ಸೀರೆಯ ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬರಬೇಕಾದರೆ ಮೂರು ಲಾಳಿ ಬೇಕು. ಕುಣಿಯಲ್ಲಿ ಕೂತ ನೇಕಾರರ ಜೊತೆ ಆಚೆ ಬದಿಯಲ್ಲಿ ಇನ್ನೊಬ್ಬರು ಕೂತು ಒಂದು ಲಾಳಿ ಎಸೆಯಬೇಕು. ನಾವು ಹೋದ ಮನೆಯಲ್ಲಿ ಆ ಇನ್ನೊಬ್ಬರು ನೇಕಾರರ ಹೆಂಡತಿ. ನನ್ನ ಹಳೆಯ ವಿದ್ಯಾರ್ಥಿ ಕ್ಯಾಮೆರಾ ಹಿಡಿದಿದ್ದ. ಗವಾಕ್ಷಿಯ ಬೆಳಕಿಗೆ ಅಪರ್ಚರನ್ನು 2.8ಕ್ಕೆ ತೆರೆದ. ಗಂಡನ ಬೆರಳು, ರೇಷ್ಮೆಯ ಎಳೆ ಎಲ್ಲ ಅದ್ಭುತ. ಹೆಂಡತಿ ಮಾತ್ರ ಹಿಂದೆ ಒಂದು ಬಣ್ಣದ ಮಚ್ಚೆ.

"ಅವರಿಲ್ಲದೆ ಅಂಚು ಎಲ್ಲಿಂದ ಬಂತಪ್ಪಾ?" ಎಂದೆ.

ಅಪರ್ಚರನ್ನು 8ಕ್ಕೆ ಕಿರಿದು ಮಾಡಿದರೆ ಸ್ಪಷ್ಟತೆಯ ಆಳ ಹೆಚ್ಚುತ್ತದೆ, ಆದರೆ ಬೆಳಕು ಎಂಟು ಪಟ್ಟು ಬೇಕು. ಕ್ಯಾಮೆರಾದ ಗೇನ್ ಏರಿಸಿದರೆ ಕಪ್ಪಿನಲ್ಲೆಲ್ಲ ಮರಳು ಎರಚಿದಂತೆ ಕಾಣುತ್ತದೆ. ಷಟರನ್ನು 50ರಲ್ಲೊಂದು ಸೆಕೆಂಡಿಗಿಂತ ನಿಧಾನ ಮಾಡಿದರೆ ಲಾಳಿ ಬರೀ ಗೀರು. ಕೊನೆಗೆ ಗೋಡೆಯ ಕನ್ನಡಿ ಇಳಿಸಿ, ಬಾಗಿಲಾಚೆಯ ಬಿಸಿಲನ್ನು ಹಿಡಿದು, ಒಳಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಬೀಳಿಸಿದೆವು; ಮೂರ್ತಿಯವರೂ ಮಿತ್ರ ಅವರೂ ಒಂದೇ ನಡುಮನೆಯಲ್ಲಿ! ಸ್ಟ್ಯಾಂಡನ್ನು ಮೂರು ಹೆಜ್ಜೆ ಹಿಂದಕ್ಕಿಟ್ಟದ್ದರಿಂದ ಆಳ ಇನ್ನಷ್ಟು ಸಿಕ್ಕಿತು. ಬಿಸಿಲು ಸರಿದಂತೆಲ್ಲ ಕನ್ನಡಿಯನ್ನೂ ಸರಿಸಬೇಕಿತ್ತು; ಆ ಕೆಲಸ ನನ್ನದು.

ತೆಗೆದದ್ದನ್ನು ಆಕೆಗೆ ತೋರಿಸಿದೆವು. ಮೊದಲು ಅಂಚನ್ನು ನೋಡಿದರು, ಆಮೇಲೆ ತಮ್ಮನ್ನು.

"ಅಯ್ಯೋ ಮೇಡಂ, ನಾನೂ ಬಂದಿದೀನಿ! ಮೊದ್ಲೇ ಹೇಳಿದ್ರೆ ಬ್ಯಾರೆ ಸೀರೆ ಉಟ್ಕಂತಿದ್ದೆ."